ಬಡಗಿಯ ಕೆನ್ನೆಯ ದದ್ದು

ಕೂತಲ್ಲಿ ಕೂರಲಾರದ, ನಿಂತಲ್ಲಿ ನಿಲ್ಲಲಾರದ ಬಡಗಿ ಆತ. ಆತನ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಒಂದು ಜೀನ್ ಬದಲಾಗಿದೆಯೆಂದು ಆಸ್ಪತ್ರೆಯವರು ಹೊಸ ಮಾತ್ರೆಯ ಪ್ರಯೋಗಕ್ಕೆ ಸೇರಿಸಿಕೊಂಡಿದ್ದರು. ಅದೇ ಮಾತ್ರೆ ನುಂಗುವ ಪಕ್ಕದ ಕುರ್ಚಿಯ ಮೇಷ್ಟ್ರಿಗೆ ಮುಖದ ತುಂಬ ದದ್ದು. "ದದ್ದು ಎದ್ರೆ ಔಷಧ ಹಿಡೀತು ಅಂತ ಲೆಕ್ಕ," ಎಂದಿದ್ದರು ಅವರು. ಬಡಗಿಯ ಮುಖವೋ, ರಂದಾ ಹೊಡೆದು ನುಣ್ಣಗಾಗಿಸಿದ ಹಲಗೆ. ಪ್ರಯೋಗದಿಂದ ಎಲ್ಲಿ ಕೈಬಿಡುತ್ತಾರೋ ಎಂಬ ದಿಗಿಲಿಗೆ ಈ ಸಲ ಕೆನ್ನೆ ಕೆಂಪಗೆ ಮಾಡಿಕೊಂಡೇ ಬಂದ.

ನರ್ಸಮ್ಮ ಬಗ್ಗಿ ನೋಡಿದಳು. "ದದ್ದು ಹೀಗೆ ಒಂದೇ ದಿಕ್ಕಿಗೆ ಗೀರಿದ ಹಾಗೆ ಬರಲ್ಲ ಯಜಮಾನ್ರೇ. ಏನು ಉಜ್ಜಿದ್ರಿ?"

"ಸ್ಯಾಂಡ್‌ಪೇಪರ್. ನಯದ್ದೇ."

"ದದ್ದು ಬರದೋರಿಗೂ ಔಷಧ ಹಿಡಿಯುತ್ತೆ. ಸ್ಕ್ಯಾನ್ ಆಗೋವರೆಗೂ ಸುಮ್ನೆ ಕೂತಿರಿ."

ಕೂತ. ಕುರ್ಚಿಯ ಮರದ ಕೈ ಒರಟಾಗಿತ್ತು. ಜೇಬಿನಲ್ಲಿ ಉಳಿದಿದ್ದ ಚೂರು ತೆಗೆದು ಉಜ್ಜತೊಡಗಿದ. ಅದು ನುಣುಪಾದ ಮೇಲೆ ಪಕ್ಕದ ಮೇಷ್ಟ್ರು ತಮ್ಮ ಕುರ್ಚಿಯ ಒರಟು ಮರದ ಕೈ ಮೇಲಿಂದ ಮೊಣಕೈ ಎತ್ತಿ ಜಾಗ ಬಿಟ್ಟರು.