ಅಪ್ಪನ ಗುಂಡಿ ಕೆಲಸ

ನಮ್ಮ ಅತ್ತೆಗೆ ಗುಂಡಿ ಅತ್ತೆ ಅಂತ ಹೆಸರು ಬಿದ್ದದ್ದು ಕೆನ್ನೆಯ ಗುಳಿಯಿಂದಲ್ಲ, ಅಂಗಡಿಯಿಂದ. ಕೈಚಾಚಿದರೆ ಎರಡು ಗೋಡೆಯೂ ಸಿಗುವ ಆ ಅಂಗಡಿಯಲ್ಲಿ ನೆಲದಿಂದ ಸೂರಿನವರೆಗೆ ಅಂಗಿಯ ಗುಂಡಿಗಳೇ. ಕೋಟು ತಂದವರನ್ನು ಆಕೆ ಮೊದಲು ಕೇಳುವುದು, "ಇದು ಹೇಗೆ ಕಿತ್ತುಬಂತು?" ಉತ್ತರ ರುಚಿಯಾಗಿದ್ದರೆ ಹೊಲಿಗೆ ಬಿಟ್ಟಿ.

ಈ ಕಸುಬಿಗೆ ಮೂಲ ಅತ್ತೆಯ ಅಪ್ಪ. ಯುದ್ಧಕ್ಕೆ ಹೋಗಿ ಬಂದವರು. ಅಲ್ಲೇನು ಮಾಡಿದಿರಿ ಅಂದರೆ ಒಂದೇ ಮಾತು: "ಗುಂಡಿ ಕೆಲಸ." ಸರಿ, ಸೈನಿಕರ ಅಂಗಿಗೆ ಗುಂಡಿ ಹೊಲಿದಿರಬೇಕು ಅಂತ ಮನೆಯವರು ತೀರ್ಮಾನಿಸಿ ಮಗಳನ್ನೂ ಅದಕ್ಕೇ ಹಚ್ಚಿದರು. ಅಪ್ಪ ಸೂಜಿ ಮುಟ್ಟಿದ್ದನ್ನು ಯಾರೂ ನೋಡಿರಲಿಲ್ಲ. ಯುದ್ಧದಲ್ಲೇ ಹೊಲಿದು ಸಾಕಾಗಿರಬೇಕು ಅಂದುಕೊಂಡರು. ಅತ್ತೆಯ ಗಂಡ ಮಾತ್ರ ಊಟಕ್ಕೊಮ್ಮೆ ಚುಚ್ಚುತ್ತಿದ್ದರು: "ಊರವರೆಲ್ಲ ಗುಂಡು ಹಾರಿಸ್ತಿದ್ರೆ ನಿಮ್ಮಪ್ಪ ಸೂಜಿಗೆ ದಾರ ಪೋಣಿಸ್ತಿದ್ರು!" ಅತ್ತೆ ನಗುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ನಗಲಾಗಲಿಲ್ಲ. ನಿಜಕ್ಕೂ ಸೂಜಿ ಹಿಡಿದು ಮರೆಯಲ್ಲಿ ಕೂತಿದ್ದರೇ? ತಿಳಿಯಲೇಬೇಕಿತ್ತು.

ಹಾಗಾಗಿ ವ್ಯಾಪಾರಿಗಳ ಸಂಘದವರು ಹಳೆಯ ರಣರಂಗ, ಆಮೇಲೆ ಕಡಲತೀರ ಅಂತ ಬಸ್ಸು ಹೊರಡಿಸಿದಾಗ, ಅಪ್ಪ ಇದ್ದ ಜಾಗವೇ ಅದು ಅಂತ ಅತ್ತೆ ಗಂಡನನ್ನೂ ಎಳೆದುಕೊಂಡು ಮೊದಲ ಸೀಟು ಹಿಡಿದಳು. ಮಿಕ್ಕವರಿಗೆಲ್ಲ ತೀರದ್ದೇ ತೀರದ ಆಸೆ.

ಕಡಲಿಗೆ ಹತ್ತಿರದ ಬಯಲಿನಲ್ಲಿ ಹುಲ್ಲು ಬೆಳೆದ ಉದ್ದನೆಯ ಕಂದಕ. ಗೈಡ್ ಎಲ್ಲರನ್ನೂ ಅದರೊಳಕ್ಕೆ ಇಳಿಸಿದ. ಅತ್ತೆ ಸುತ್ತ ನೋಡಿದಳು.

"ಅಲ್ಲಪ್ಪಾ, ಹೊಲಿಗೆಯವರು ಎಲ್ಲಿ ಕೂರ್ತಿದ್ರು?"

"ಹೊಲಿಗೆಯವರಾ? ಯಾರೂ ಇರಲಿಲ್ಲಮ್ಮ. ಗುಂಡಿ ಕಿತ್ತುಹೋದ್ರೆ ತಂತೀಲಿ ಬಿಗಿದ್ಕೊಳ್ಳೋರು."

"ಮತ್ತೆ ನಮ್ಮಪ್ಪ ಗುಂಡಿ ಕೆಲಸ ಅಂತಿದ್ರಲ್ಲ?"

"ನೀವು ನಿಂತಿರೋದೇ ಆ ಗುಂಡೀಲಿ. ಗುಂಡಿ ಕೆಲಸದವರು ಮಿಕ್ಕ ಸೈನಿಕರು ಬರೋ ಮುಂಚೆ ಬಂದು, ಗುಂಡು ಬೀಳ್ತಿರುವಾಗಲೇ ಇದನ್ನ ತೋಡ್ಬೇಕಿತ್ತು."

ಗಂಡನ ಬಾಯಿ ತೆರೆದೇ ಇತ್ತು. "ಹಾಗಾದ್ರೆ ಇಷ್ಟು ವರ್ಷ ನಾವು ಮಾರಿದ್ದು ತಪ್ಪು ಗುಂಡಿ!"

"ನೀವು ಸುಮ್ನಿರಿ. ನಿಂತ್ಕೊಂಡು ತೋಡ್ತಿದ್ರಾ, ಗೈಡಪ್ಪಾ?"

"ನಿಂತ್ರೆ ತಲೆ ಉಳೀತಿತ್ತಾ? ಮೊದಲು ಮಲಗ್ಕೊಂಡು. ಆಳ ಆದ್ಮೇಲೆ ಮಂಡಿ ಊರಿ."

ಅತ್ತೆ ಮಂಡಿನೋವು ಮರೆತು ಊರಿಯೇಬಿಟ್ಟಳು. ಬಸ್ಸು ಹಾರನ್ ಹೊಡೆಯಿತು. ಮಿಕ್ಕವರೆಲ್ಲ ಮೇಲೆ ಹತ್ತಿ ಓಡಿದರು. ಗಂಡ ಮೇಲಿನಿಂದ ಕೂಗಿದರು, "ಏಳೇ, ಸಮುದ್ರ ನೋಡೋದು ಬೇಡ್ವಾ?"

"ಇಲ್ಲಿಂದ ಕೇಳ್ಸುತ್ತೆ ರೀ, ಕಾಣಲ್ಲ. ಅಪ್ಪನಿಗೂ ಬರೀ ಕೇಳ್ಸಿರ್ಬೇಕು. ಬನ್ನಿ, ಒಂಚೂರು ಕೇಳಿ."

ಅವರು ಬಸ್ಸಿಗೆ ತಾಳಿ ಅಂತ ಕೈಸನ್ನೆ ಮಾಡಿ, ಏದುಸಿರು ಬಿಡುತ್ತ ಗುಂಡಿಗೆ ಇಳಿದರು.