ಟೇಲರ್ ಕಿವಿ

ರಾಮದುರ್ಗದ ನಮ್ಮ ಓಣಿಯ ಟೇಲರ್, ಯಾರಾದರೂ ಹೊಸ ಸ್ಪೀಕರ್ ಹೊಗಳಿದರೆ ಕೊರಳಿನ ಟೇಪು ಎಳೆದುಕೊಂಡು, "ದನಿ ದೊಡ್ಡದಿರಲಿ ಬಿಡ್ರಿ, ಕಿವಿ ದಣೀಬಾರ್ದು" ಎನ್ನುತ್ತಿದ್ದರು. ತಮ್ಮ ಹಳೆಯ ಮರದ ಸ್ಪೀಕರ್ ಅವರಿಗೆ ಪ್ರಾಣ.

ಒಮ್ಮೆ ಸವದತ್ತಿಗೆ ಹೋಗುವಾಗ ಅದನ್ನು ನನ್ನ ಮನೆಯಲ್ಲಿಟ್ಟರು. ಧೂಳು ಒರೆಸಲು ಹೋಗಿ ನನ್ನ ಹೆಬ್ಬೆರಳು ತಾಗಿ, ದನಿ ಹೊಮ್ಮಿಸುವ ಒಳಗಿನ ಕಾಗದದ ಪರದೆಯೇ ಹರಿಯಿತು. ತೆಳುಕಾಗದದ ಚೂರನ್ನು ತೇಪೆಯಾಗಿ ಅಂಟಿಸಿ, ಅವರು ಬಂದ ಮೇಲೆ ಏನೂ ಹೇಳದೆ ಮರಳಿಸಿದೆ.

ಅಂದು ಸಂಜೆ ಅಂಗಡಿಯಲ್ಲಿ ಅವರ ಗೆಳೆಯರೆಲ್ಲ ಸೇರಿದ್ದರು. ಟೇಲರ್ ಕಣ್ಣು ಮುಚ್ಚಿ ಇಡೀ ಹಾಡು ಕೇಳಿದರು. ನಾನೂ ಅಲ್ಲೇ ಕೂತು ಅವರ ಮುಖವನ್ನೇ ನೋಡುತ್ತಿದ್ದೆ.

"ಹೊಸಾವು ಇದರ ಮುಂದ ನಿಲ್ಲಂಗಿಲ್ಲ!" ಎಂದರು ಗೆಳೆಯರು. ಟೇಲರ್ ಹೌದೆಂದು ತಲೆಯಾಡಿಸಿದರು. ಸಿಕ್ಕಿಬೀಳದೆ ಬದುಕಿದೆ ಎಂದುಕೊಂಡು ಎದ್ದೆ.

ಟೇಲರ್ ಬಾಗಿಲವರೆಗೂ ಬಂದು ಮೆಲ್ಲಗೆ ಹೇಳಿದರು: "ತ್ಯಾಪಿ ಛಲೋ ಹಚ್ಚೀರಿ, ಅಕ್ಕಾರ. ಅಂಟು ಒಂದೀಟು ಹೆಚ್ಚಾಗೇತಿ. ಆದ್ರೂ ಕಿವಿ ದಣೀಲಿಲ್ಲ ಬಿಡ್ರಿ."