ಪಂಪ್ ರೂಮಿನ ಮೂರು ಕುಂಬಳಕಾಯಿ

ಕೋಪ ಬಂದರೆ ಇಮಾಮ್ ಬೀ ಕೂಗಾಡುವ ಪೈಕಿ ಅಲ್ಲ. ಬಾಯಿ ಮುಚ್ಚುತ್ತದೆ, ಕೈ ಚುರುಕಾಗುತ್ತದೆ. ಕುಕ್ ಟೌನಿನ ಹದಿನಾರು ಮನೆಗಳ ಆ ಅಪಾರ್ಟ್‌ಮೆಂಟಿನಲ್ಲಿ ಹನ್ನೊಂದು ವರ್ಷ ತೋಟ ನೋಡಿಕೊಂಡ ಆಕೆಯನ್ನು ಅಲ್ಲಿನವರು ಮಾಟಗಾತಿ ಎಂದ ದಿನ, ಆಕೆ ಮೂರು ರಸ್ತೆ ಕೂಡುವ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು ಒಡೆದ ಕುಂಬಳಕಾಯಿಯ ಚೂರುಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿದ್ದಳು. ಬಾಲ್ಕನಿಗಳಲ್ಲಿ ನಿಂತವರು ಹೆದರಿ ಒಳಗೆ ಹೋದರು. ಹೋಗಲಿ. ಹೆದರುವುದೊಂದನ್ನು ಮಾತ್ರ ಆ ಜನ ಚೆನ್ನಾಗಿ ಕಲಿತಿದ್ದರು.

ಆಕೆ ಶಾಲೆಗೆ ಹೋದವಳಲ್ಲ. ಶಿವಾಜಿನಗರದ ಗಲ್ಲಿಯಲ್ಲೇ ಹುಟ್ಟಿ, ಅಲ್ಲೇ ಮದುವೆಯಾಗಿ, ಮೂವತ್ತಕ್ಕೆಲ್ಲ ಗಂಡನನ್ನು ಕಳೆದುಕೊಂಡವಳು. ಆಮೇಲೆ ಹದಿನೇಳು ವರ್ಷ ಊರಾಚೆಯ ಒಂದು ಹುಳು ಸಾಕುವ ಕೇಂದ್ರದಲ್ಲಿ ದಿನಗೂಲಿ ಮಾಡಿದಳು. ಅಲ್ಲಿ ತೋಟಗಳಿಗೆ ಬಿಡಲೆಂದು ಸಾಕುತ್ತಿದ್ದದ್ದು ಗುಲಗಂಜಿ ಹುಳುವಿನ ಜಾತಿಯ ಒಂದು ಪುಟ್ಟ ಕಂದು ಜೀರುಂಡೆಯನ್ನು. ಅದಕ್ಕೆ ಊಟ ಹಿಟ್ಟು ತಿಗಣೆ, ಅಂದರೆ ದಾಸವಾಳದ ಕುಡಿಗೆ ಹತ್ತಿ ಮೆತ್ತಿದ ಹಾಗೆ ಕೂತು ರಸ ಹೀರುವ ಬಿಳಿ ಪೀಡೆ. ಸಿಹಿಗುಂಬಳದ ಕಾಯನ್ನು ಒರೆಸಬೇಕು, ಗಾಯವಾದ ಕಡೆ ಕೊಳೆಯದಂತೆ ಮೇಣ ತುಂಬಬೇಕು, ತಿಗಣೆ ಬಿಟ್ಟು ಕಪ್ಪು ಬಟ್ಟೆ ಹೊದಿಸಿ ಕತ್ತಲಲ್ಲಿಡಬೇಕು. ಕಾಯೆಲ್ಲ ಬೆಳ್ಳಗಾದ ಮೇಲೆ ಜೀರುಂಡೆ ಬಿಡಬೇಕು. ಅದರ ಮರಿಗಳು ತಾವೂ ಬಿಳಿ ಜೂಲು ಹೊದ್ದುಕೊಂಡು, ತಿಗಣೆಯ ಹಾಗೇ ಕಾಣುತ್ತ, ತಿಗಣೆಯನ್ನೇ ತಿಂದು ಬೆಳೆಯುತ್ತವೆ. ಯಾವುದು ತಿಗಣೆ, ಯಾವುದು ಮರಿ ಎಂದು ಹೇಳಲು ಅಲ್ಲಿನ ಸಾಹೇಬರುಗಳಿಗೆ ಭೂತಗನ್ನಡಿ ಬೇಕಿತ್ತು. ಇಮಾಮ್ ಬೀ ಬರಿಗಣ್ಣಲ್ಲಿ ಹೇಳುತ್ತಿದ್ದಳು. ಕೇಂದ್ರ ಮುಚ್ಚಿದಾಗ ಸಾಹೇಬರಿಗೆಲ್ಲ ಬೇರೆ ಕೆಲಸ ಸಿಕ್ಕಿತು, ಆಕೆಗೆ ಒಂದು ಗೋಡೆ ಗಡಿಯಾರ ಸಿಕ್ಕಿತು.

ಅಂಥ ಕೈಗೆ ಕುಕ್ ಟೌನಿನವರು ಕೊಟ್ಟದ್ದು ನೀರಿನ ಪೈಪು. ಅದಕ್ಕೂ ಆಕೆ ಬೇಸರ ಮಾಡಿಕೊಳ್ಳಲಿಲ್ಲ. ಈ ಬೇಸಿಗೆಯಲ್ಲಿ ದಾಸವಾಳದ ಬೇಲಿ, ಸೀಬೆ ಮರ ಎರಡಕ್ಕೂ ತಿಗಣೆ ಹತ್ತಿದಾಗ, ಸಂಘದ ಸೆಕ್ರೆಟರಿ ಅಂಬಣ್ಣ ಮೊಬೈಲಿನಲ್ಲಿ ಔಷಧಿ ಹೊಡೆಯುವ ಕಂಪನಿಯ ಫೋಟೋ ತೋರಿಸಿದರು.

"ಇವರು ತಿಂಗಳಿಗೊಂದ್ಸಲ ಬಂದು ಸ್ಪ್ರೇ ಮಾಡ್ತಾರೆ, ಗಾರ್ಡನಿಂಗೂ ಅವರದ್ದೇ ಹುಡುಗ್ರು. ಎರಡು ತಿಂಗಳು ಟೈಮ್ ಕೊಡ್ತೀನಿ ಇಮಾಮ್ ಬೀ. ಕ್ಲೀನ್ ಆಗ್ಲಿಲ್ಲ ಅಂದ್ರೆ ಅವರನ್ನ ಕರೀತೀವಿ, ಬೇಜಾರು ಮಾಡ್ಕೋಬೇಡಿ."

ಹೋದ ವರ್ಷವೂ ಹೊಡೆಸಿದ್ದರು. ಮೂರು ವಾರಕ್ಕೆ ತಿಗಣೆ ವಾಪಸ್ ಬಂತು, ಅದನ್ನು ತಿನ್ನುವ ಹುಳುಗಳು ಬರಲಿಲ್ಲ. ಅದನ್ನು ಹೇಳಿದರೆ ಅಂಬಣ್ಣ ಕೇಳಿಸಿಕೊಳ್ಳುವವರಲ್ಲ. ಕೇಳಿಸಿಕೊಂಡವರು ನೆಲಮಹಡಿಯ ಸುಕನ್ಯ ಒಬ್ಬರೇ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ರಿಟೈರಾದವರು, ಒಂಟಿ. ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಹತ್ತೂವರೆಗೆ ಇಬ್ಬರೂ ಹಿಂದಿನ ಮೆಟ್ಟಿಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು.

"ನಿಮ್ಮ ಜೀರುಂಡೆ ಸಾಕೋಕೆ ಪಂಪ್ ರೂಮೇ ಸರಿ. ಕತ್ತಲೆ ಇದೆ, ತಂಪಾಗೂ ಇದೆ. ಸ್ಪೇರ್ ಕೀ ನನ್ನ ಹತ್ರ ಇದೆ, ತಗೊಳ್ಳಿ," ಎಂದರು ಸುಕನ್ಯ. "ನಾನು ಕೊಟ್ಟೆ ಅಂತ ಮಾತ್ರ ಹೇಳ್ಬೇಡಿ. ಅಂಬಣ್ಣ ರೂಲ್ಸ್ ತೆಗೀತಾರೆ."

ಇಮಾಮ್ ಬೀ ಮೂರು ಕಾಯಿ ತಂದಳು. ರಿಚರ್ಡ್ಸ್ ಟೌನಿನಲ್ಲಿ ತಾನು ಸಂಜೆ ನೋಡಿಕೊಳ್ಳುವ ಇನ್ನೊಂದು ತೋಟದಿಂದ ಇಪ್ಪತ್ತು ಜೀರುಂಡೆ ಹಿಡಿದು ತಂದಳು. ಮೇಣ, ತಿಗಣೆ, ಕಪ್ಪು ಬಟ್ಟೆ, ಎಲ್ಲ ಮೊದಲಿನ ಹಾಗೆಯೇ. ಮರಿಗಳಾದ ದಿನ ಸುಕನ್ಯ ಭೂತಗನ್ನಡಿ ಹಿಡಿದು ಬಂದು ಅರ್ಧ ಗಂಟೆ ನೋಡಿದರು. ಎಷ್ಟು ಚೆನ್ನಾಗಿವೆ ರೀ, ಮೂವತ್ತು ವರ್ಷ ಪಾಠ ಮಾಡಿ ಒಂದನ್ನೂ ನೋಡಿರಲಿಲ್ಲ ಎಂದರು. ಇಮಾಮ್ ಬೀಗೆ ಅವತ್ತು ಆದ ಖುಷಿ ಅಷ್ಟಿಷ್ಟಲ್ಲ.

ಇನ್ನು ಆರು ದಿನ ಕಳೆದಿದ್ದರೆ ಮರಿಗಳನ್ನು ಗಿಡಕ್ಕೆ ಬಿಡಬಹುದಿತ್ತು. ಅಷ್ಟರಲ್ಲಿ ನೀರಿನ ಮೋಟಾರು ಸುಟ್ಟಿತು. ರಿಪೇರಿಯವನು ಪಂಪ್ ರೂಮಿಗೆ ಹೋಗಿ ಕಪ್ಪು ಬಟ್ಟೆ ಎತ್ತಿದ. ಬಿಳಿ ಕೂದಲು ಬಂದಂಥ ಮೂರು ಕುಂಬಳಕಾಯಿ, ಮೈಮೇಲೆ ಅಲ್ಲಲ್ಲಿ ಮೇಣದ ಬೊಟ್ಟು. ಅವನು ಸ್ಪ್ಯಾನರ್ ಬಿಟ್ಟು ಓಡಿದ.

ಮೂರನೇ ಮಹಡಿಯ ಶಿರೀನಳ ಮಗಳ ನಿಶ್ಚಿತಾರ್ಥ ಮುರಿದು ನಾಲ್ಕು ದಿನವಾಗಿತ್ತು. "ಜಾದೂ ಹೈ ಯೇ," ಇದು ಮಾಟವೇ ಎಂದು ಮೊದಲು ಹೇಳಿದವಳು ಅವಳೇ. ಮೋಟಾರು ಸುಟ್ಟದ್ದೂ ಅದರಿಂದಲೇ ಎಂದು ಅಂಬಣ್ಣ ಸೇರಿಸಿದರು. ಟ್ಯಾಂಕರ್ ನೀರಿನ ವಿಷಯದಲ್ಲಿ ಮೂರು ವರ್ಷದಿಂದ ಕಿತ್ತಾಡುತ್ತಿದ್ದ ಹದಿನಾರು ಮನೆಗಳು ಮಾಟದ ವಿಷಯದಲ್ಲಿ ಹತ್ತು ನಿಮಿಷಕ್ಕೆ ಒಂದಾದವು. ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಎಂಬ ಭೇದವೂ ಬರಲಿಲ್ಲ. ವಾಚ್‌ಮನ್ ಅಮರಪ್ಪನ ಕೈಗೆ ಕರ್ಪೂರ, ಕುಂಕುಮ, ನಿಂಬೆಹಣ್ಣು ಕೊಟ್ಟು, ಕಾಯಿಗಳನ್ನು ಒಯ್ದು ರಸ್ತೆ ಕೂಡುವಲ್ಲಿ ಒಡೆದು ಬಾ ಎಂದರು.

ಇಮಾಮ್ ಬೀ ಕೆಲಸಕ್ಕೆ ಬಂದಾಗ ಎಲ್ಲರೂ ಗೇಟಿನ ಒಳಗೆ ಗುಂಪಾಗಿ ನಿಂತಿದ್ದರು. ಕಾಯಿ ಇಟ್ಟದ್ದು ತಾನೇ ಎಂದು ಆಕೆ ಹೇಳಿದಳು. ತಿಗಣೆ ಎಂದಳು, ಜೀರುಂಡೆ ಎಂದಳು, ಮೇಣ ಯಾಕೆ, ಬಟ್ಟೆ ಯಾಕೆ ಎಂದು ಬಿಡಿಸಿ ಹೇಳಿದಳು. ಹೇಳಿದಷ್ಟೂ ಅವರ ಮುಖ ಬಿಗಿಯಾಯಿತು.

"ಕದ್ದು ಯಾಕೆ ಇಟ್ರಿ?" ಎಂದರು ಅಂಬಣ್ಣ. "ಕೀ ಯಾರು ಕೊಟ್ರು?"

ಇಮಾಮ್ ಬೀ ಹೆಸರು ಹೇಳಲಿಲ್ಲ. ಗುಂಪಿನ ಹಿಂದೆ ನಿಂತಿದ್ದ ಸುಕನ್ಯರ ಕಡೆ ತಿರುಗಿದಳು. "ಇದು ಏನು ಅಂತ ಟೀಚರಮ್ಮನ್ನ ಕೇಳಿ. ಓದ್ದೋರು, ಅವರಿಗೆ ಗೊತ್ತು."

ಎಲ್ಲರೂ ತಿರುಗಿದರು. ಒಂದೇ ಒಂದು ಮಾತು ಸಾಕಿತ್ತು. ಸುಕನ್ಯ ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡರು.

"ನನಗೆ ಇದರ ವಿಷಯ ಏನೂ ಗೊತ್ತಿಲ್ಲಪ್ಪ."

ಆಮೇಲೆ ಶಿರೀನ್ ಬೈದದ್ದು, ನಾಳೆಯಿಂದ ಬರಬೇಡಿ ಎಂದು ಅಂಬಣ್ಣ ಹೇಳಿದ್ದು ಯಾವುದೂ ಇಮಾಮ್ ಬೀಗೆ ಸರಿಯಾಗಿ ಕೇಳಲಿಲ್ಲ. ಊಟದ ಡಬ್ಬಿಯ ಅನ್ನವನ್ನು ಗೇಟಿನ ಪಕ್ಕದ ಕಾಗೆಗಳಿಗೆ ಸುರಿದು, ಡಬ್ಬಿ ಒರೆಸಿಕೊಂಡು ರಸ್ತೆಗೆ ಹೋದಳು.

ಮಾಟದ ಕಾಯಿ ತುಳಿಯಬಾರದೆಂದು ಬೈಕಿನವರು, ಆಟೋದವರು ಸುತ್ತಿಕೊಂಡು ಹೋಗುತ್ತಿದ್ದರು. ಹಾಗಾಗಿ ಮರಿಗಳಲ್ಲಿ ಕೆಲವು ಉಳಿದಿದ್ದವು. ಮಿಕ್ಕವು ಕುಂಕುಮದಲ್ಲಿ, ಕರ್ಪೂರದ ಬೆಂಕಿಯಲ್ಲಿ ಸತ್ತಿದ್ದವು. ಎರಡು ತಿಂಗಳ ಕೆಲಸ ಡಾಂಬರಿಗೆ ಅಂಟಿಕೊಂಡಿತ್ತು. ಆಕೆ ಬೇವಿನ ಕಡ್ಡಿಯಿಂದ ಒಂದೊಂದೇ ಮರಿಯನ್ನು ಎತ್ತಿ ಡಬ್ಬಿಗೆ ಹಾಕತೊಡಗಿದಳು. ಅಮರಪ್ಪ ಬಂದು ಪಕ್ಕದಲ್ಲಿ ನಿಂತ.

"ನನಗ ಬೈಬ್ಯಾಡ್ರಿ ಅಕ್ಕಾ. ಒಡಿ ಅಂದ್ರು, ಒಡದೆ."

"ನಿನ್ ಕೆಲಸ ನೀನು ಮಾಡ್ದೆ. ಕಾಲು ಎತ್ತು, ಚಪ್ಪಲಿ ಹತ್ರ ಒಂದು ಮರಿ ಇದೆ."

ಅವನು ಕಾಲೆತ್ತಿದ. ಆಮೇಲೆ ತಾನೂ ಕೂತು ಹುಡುಕತೊಡಗಿದ.

ಮರುದಿನ ಬೆಳಿಗ್ಗೆ ಸುಕನ್ಯ ಶಿವಾಜಿನಗರದ ಗಲ್ಲಿ ಹುಡುಕಿಕೊಂಡು ಬಂದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಕೈಯಲ್ಲಿ ಹಣ್ಣಿನ ಚೀಲವಿತ್ತು. ಇಮಾಮ್ ಬೀ ಕುರ್ಚಿ ಹಾಕಿದಳು, ನೀರು ಕೊಟ್ಟಳು. ಅಷ್ಟು ಮರ್ಯಾದೆ ಆಕೆಗೆ ಯಾರೂ ಕಲಿಸಬೇಕಾಗಿರಲಿಲ್ಲ.

"ಮನಸ್ಸಿಗೆ ಸಮಾಧಾನನೇ ಇಲ್ಲ ಇಮಾಮ್ ಬೀ. ನೀವು ಅಂಥೋರಲ್ಲ ಅಂತ ನನಗೆ ಗೊತ್ತಲ್ವಾ."

"ಗೊತ್ತಿಲ್ದೋರ ಮೇಲೆ ನಂಗೆ ಸಿಟ್ಟಿಲ್ಲ ಟೀಚರಮ್ಮ. ಶಿರೀನ್ ಹೆದರ್ಕೊಂಡ್ಳು, ಕೂಗಿದ್ಳು. ನಿಮಗೆ ಗೊತ್ತಿತ್ತು."

ಸುಕನ್ಯ ನೀರಿನ ಲೋಟವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಅಂಬಣ್ಣನ ಹತ್ರ ಮಾತಾಡಿದೀನಿ. ಒಂದ್ಸಲ ಎಲ್ಲರ ಮುಂದೆ ಸಾರಿ ಕೇಳ್ಬಿಟ್ರೆ ಸಾಕು, ಕೆಲಸಕ್ಕೆ ಬರ್ಲಿ ಅಂದ್ರು."

"ಯಾರು ಕೇಳ್ಬೇಕು?"

ಸುಕನ್ಯ ಹಣ್ಣಿನ ಚೀಲವನ್ನು ಕುರ್ಚಿಯ ಪಕ್ಕಕ್ಕೆ ಸರಿಸಿದರು.

"ಕೀ ಕೊಟ್ಟಿದ್ದು ನೀವು ಅಂತ ಅವರಿಗೆ ಹೇಳಿದ್ರಾ?"

"ಒಂಟಿ ಹೆಂಗಸು ನಾನು. ಆ ಜನರ ಮಧ್ಯೆನೇ ಬದುಕ್ಬೇಕಲ್ಲ."

ಇಮಾಮ್ ಬೀ ಎದ್ದು ಬುರ್ಖಾ ಹಾಕಿಕೊಂಡಳು. ಗೂಡಿನಿಂದ ಡಬ್ಬಿ ತೆಗೆದಳು. ಮುಚ್ಚಳಕ್ಕೆ ತೂತು ಮಾಡಿದ್ದಳು. ಒಳಗೆ ಅರವತ್ತು ಚಿಲ್ಲರೆ ಮರಿಗಳು ಹರಿದಾಡುತ್ತಿದ್ದವು. ರಿಚರ್ಡ್ಸ್ ಟೌನಿನ ತೋಟದವರು ಬೆಳಿಗ್ಗೆಯೂ ಬನ್ನಿ ಎಂದಿದ್ದರು.

"ಕೆಲಸಕ್ಕೆ ಹೊತ್ತಾಯ್ತು. ಬೀಗ ಹಾಕ್ಬೇಕು, ಹೊರಗೆ ಬನ್ನಿ."

ಗಲ್ಲಿಯಲ್ಲಿ ನಿಂತು ಸುಕನ್ಯ ಡಬ್ಬಿಯನ್ನೇ ನೋಡಿದರು. ಕಣ್ಣಲ್ಲಿ ನೀರಿತ್ತು. "ಉಳಿದ್ವಾ? ಒಂದ್ಸಲ ತೋರಿಸ್ತೀರಾ?"

ಇಮಾಮ್ ಬೀ ಬೀಗ ಎಳೆದು ನೋಡಿ, ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಿಮಗೆ ಇದರ ವಿಷಯ ಏನೂ ಗೊತ್ತಿಲ್ಲ ಅಂದ್ರಲ್ಲ ಟೀಚರಮ್ಮ," ಎಂದು ಹೇಳಿ, ಬಸ್ ಸ್ಟ್ಯಾಂಡಿನ ಕಡೆ ನಡೆದಳು.